ಕಪ್ಪೆಯ ಲೆಕ್ಕ

ದಾರ್ ಎಸ್ ಸಲಾಮಿನಲ್ಲಿ ನಮ್ಮಂಥವರಿಗೆ ಕಪ್ಪೆ ಎಂದೇ ಹೆಸರು.
ಪಾಯಖಾನೆ ಗುಂಡಿಗೆ ಇಳಿಯುವವರು,
ಸೊಂಟದವರೆಗೆ, ಒಮ್ಮೊಮ್ಮೆ ಎದೆಯವರೆಗೆ.
ಕತ್ತಲಾದ ಮೇಲೆ ಕರೆಯುತ್ತಾರೆ.
ಹಗಲಲ್ಲಿ ಸಲಾಂ ಹೇಳಿದರೆ
ಅದೇ ಜನಕ್ಕೆ ಆಕಾಶದಲ್ಲಿ ಏನೋ ಕಾಣುತ್ತದೆ.

ಬಾವಿಯ ಕಪ್ಪೆಗೆ ಲೋಕ ಗೊತ್ತಿಲ್ಲವಂತೆ.
ನಾನು ಗುಂಡಿಯಲ್ಲೇ ಊರು ಕಂಡವನು:
ಯಾರ ಮನೆಯಲ್ಲಿ ಮೂರು ಹೊತ್ತೂ ಹುರುಳಿ,
ಯಾರು ಮಾತ್ರೆ ನುಂಗದೆ ಎಸೆಯುತ್ತಾರೆ,
ಯಾರಿಗೆ ಈ ತಿಂಗಳು ಮುಟ್ಟು ನಿಂತಿದೆ.
ಬಾಯಿ ಬಿಟ್ಟವನಲ್ಲ.

ಅಪ್ಪನ ಕಾಲದಲ್ಲಿ ಮಾರ್ಚ್ ಬಂದರೆ ದೊಡ್ಡ ಮಳೆ,
ಹೇಳಿ ಬರುವ ನೆಂಟನ ಹಾಗೆ.
ಈಗ ಡಿಸೆಂಬರಿನಲ್ಲೂ ಬಾಗಿಲು ಒದೆಯುತ್ತದೆ,
ತಿಂಗಳ ನೀರನ್ನೆಲ್ಲ ಒಂದೇ ರಾತ್ರಿ ಹೊತ್ತು ತಂದು.

ಟಾಂಡಾಲೆಯ ಓಣಿಗಳಿಗೆ ಲಾರಿ ನುಗ್ಗುವುದಿಲ್ಲ,
ನನ್ನ ಕೂಲಿ ಎಲ್ಲರಿಗೂ ಗಿಟ್ಟುವುದಿಲ್ಲ.
ಗುಂಡಿಯ ಗೋಡೆಗೊಂದು ತೂತು, ತೂತಿಗೆ ಬಟ್ಟೆಯ ಬಿರಡೆ.
ನೀರು ಏರಿದಾಗ ಎಳೆದುಬಿಟ್ಟರೆ ಆಯಿತು.
ಗುಂಡಿಗೆ ವಾಂತಿ ಮಾಡಿಸುವುದು, ಅನ್ನುತ್ತೇವೆ.
ಬಿಟ್ಟದ್ದು ತಗ್ಗಿನ ಮನೆಗೆ,
ಆ ಮನೆಯದು ಅದಕ್ಕಿಂತ ತಗ್ಗಿಗೆ.
ಎಲ್ಲಕ್ಕಿಂತ ತಗ್ಗಿನಲ್ಲಿ ನಾನಿದ್ದೇನೆ.

ಬೀ ಸೋಮೋಯೆಯ ಮೊಮ್ಮಗಳ ಹಸಿರು ಚಪ್ಪಲಿ
ಒಂದು ಕಾಲಿನದು ಗುಂಡಿಗೆ ಬಿದ್ದಿತ್ತು.
ಮುಂದಿನ ಸಲ ಇಳಿದಾಗ ನೋಡು, ಎಂದಿದ್ದಳು.
ಕರೆಯಲೇ ಇಲ್ಲ.
ಹೋದ ವರ್ಷ ಆ ರಾತ್ರಿ ನೀರು ನನ್ನ ಹೊಸ್ತಿಲು ದಾಟಿತು.
ಬೆಳಗ್ಗೆ ಚಾಪೆಯ ಮೇಲೆ, ಕೆಸರಲ್ಲಿ, ಹಸಿರು.
ಎರಡು ಸಲ ಸೋಪು ಹಚ್ಚಿ ತೊಳೆದು
ಅವಳ ಬಾಗಿಲಲ್ಲಿಟ್ಟು ಬಂದೆ.
ಅವಳೂ ಮಾತಾಡಲಿಲ್ಲ.
ವಾರದೊಳಗೆ ಇಟ್ಟಿಗೆ ಬಂತು.

ಈಗ ಅವಳ ಪಾಯಖಾನೆ ಐದು ಮೆಟ್ಟಿಲು ಮೇಲಿದೆ.
ಕೆಳಗೆ ಮುಚ್ಚಿದ ಪೀಪಾಯಿ, ತೂತಿಲ್ಲ, ಬಿರಡೆಯಿಲ್ಲ.
ಓಣಿಯೆಲ್ಲ ನೋಡುತ್ತಿರುವಾಗ
ವಿಮಾನ ಹತ್ತುವ ಮಂತ್ರಿಯ ಹಾಗೆ ಹತ್ತುತ್ತಾಳೆ,
ಚೊಂಬು ಒಂದು ಕೈಯಲ್ಲಿ.
ಮಂಡಿ ಕೇಳಬೇಕಲ್ಲ.
"ಕಿಟ್ವಾನಾ, ಹಿಡಿ ಸ್ವಲ್ಪ."
ಹಾಡುಹಗಲು.
ಹಿಡಿದೆ. ಒರಟು ಕೈ, ನನ್ನದಕ್ಕಿಂತ ಒರಟು.

ನಿನ್ನೆಯ ಮಳೆ ನಾಲ್ಕನೇ ಮೆಟ್ಟಿಲ ಮೇಲೆ ಗೆರೆ ಎಳೆದು ಹೋಗಿದೆ.
ಉಗುರಿನಿಂದ ಕೆರೆದು ನೋಡಿದೆ, ಇನ್ನೂ ಹಸಿ.
"ಆರನೆಯದಕ್ಕೆ ಇಟ್ಟಿಗೆ ಎಷ್ಟು ಬೇಕಾದೀತು?"
ಅವಳು ಕೇಳುತ್ತಿದ್ದಳು.
ನಾನು ಆ ಗೆರೆ ನನ್ನ ಮನೆಯಲ್ಲಿ
ಎಲ್ಲಿಗೆ ಬರುತ್ತದೆಂದು ಅಳೆಯುತ್ತಿದ್ದೆ:
ಕಿಟಕಿ ದಾಟಿ, ಮಕ್ಕಳ ತೊಟ್ಟಿಲ ಮೊಳೆಯ ಹತ್ತಿರ.