ವಾಡಿಕೆ

ಎಂಟೂವರೆಗೆ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದೆ.
ಕನಿಷ್ಠ: ಎಂಟು ಪಾಯಿಂಟ್ ಆರು.
ವಾಡಿಕೆಗಿಂತ ಐದು ಡಿಗ್ರಿ ಕಡಿಮೆ.

ಕಟ್ಟಿನಕೆರೆ ಮಾರ್ಕೆಟ್ಟಿನ ಟೀ ಜಬೀವುಲ್ಲನಿಗೆ
ಇದು ಮೊದಲೇ ಗೊತ್ತು:
ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿದೆ,
ಸೊಪ್ಪಿನ ಚೆಲುವಮ್ಮ ಬೋಣಿಗೆ ಮುಂಚೆಯೇ
ಎರಡನೇ ಲೋಟ ಕೇಳಿದ್ದಾಳೆ.
"ಈ ವಾಡಿಕೆ ಅನ್ನೋರು ಯಾರು ಸಾರ್?
ದಿನಾ ಅವರಿಗಿಂತ ಹೆಚ್ಚು, ಅವರಿಗಿಂತ ಕಮ್ಮಿ ಅಂತೀರಿ."

ಮೂವತ್ತು ವರ್ಷದ ಜನವರಿಗಳನ್ನು ಕೂಡಿಸಿ
ಭಾಗಿಸಿದರೆ ಬರುವವನು, ಅಂದೆ.
ಯಾವ ಬೆಳಿಗ್ಗೆಯೂ ಖುದ್ದಾಗಿ ಬಂದವನಲ್ಲ.

ಫಾರಮ್ಮಿನಲ್ಲಿ ಹಿಮಪಾತಕ್ಕೂ ಒಂದು ಕಾಲಂ ಇದೆ,
ಎಲ್ಲ ಊರಿಗೂ ಒಂದೇ ಅಚ್ಚು.
ಹಾಸನ: ಸೊನ್ನೆ. ವಾಡಿಕೆ: ಸೊನ್ನೆ. ವ್ಯತ್ಯಾಸ: ಸೊನ್ನೆ.
ಇಷ್ಟು ಸರಿಯಾಗಿ ತಾಳೆಯಾದದ್ದು
ನನ್ನ ಬಾಳಿನಲ್ಲಿ ಬೇರೇನೂ ಇಲ್ಲ.

ಒಂದು ಮಾತು ಜಬೀವುಲ್ಲನಿಗೆ ಹೇಳಿಲ್ಲ.
ತೊಂಬತ್ತೇಳರ ಜನವರಿ ಹತ್ತೊಂಬತ್ತು
ನಾನು ಪೆಟ್ಟಿಗೆ ತೆರೆಯಲಿಲ್ಲ.
ಜಿಲ್ಲಾಸ್ಪತ್ರೆಯ ವರಾಂಡದಲ್ಲಿ
ವನಮಾಲಳ ಅಂಗಾಲು ಉಜ್ಜುತ್ತಾ ಕೂತಿದ್ದೆ,
ಬೆಳಗಾದ ಮೇಲೂ ಉಜ್ಜುತ್ತಲೇ ಇದ್ದೆ.
ನರ್ಸು ಬಂದು ನನ್ನ ಕೈ ಬಿಡಿಸಿದಳು.

ಹನ್ನೆರಡನೇ ದಿನ ಡ್ಯೂಟಿಗೆ ಬಂದವನು
ಆ ತಾರೀಕಿನ ಖಾಲಿ ಚೌಕದಲ್ಲಿ
ಹದಿಮೂರು ಪಾಯಿಂಟ್ ನಾಲ್ಕು ಎಂದು ಬರೆದೆ.
ಮೇಲಿನವರು ಯಾರೂ ಕೇಳಲಿಲ್ಲ.
ವಾಡಿಕೆಯಂತೆಯೇ ಇತ್ತಲ್ಲ.

ಆ ಸುಳ್ಳು ಇನ್ನೂ ಸರಾಸರಿಯ ಒಳಗೆ
ಎಷ್ಟನೆಯದೋ ದಶಾಂಶದಲ್ಲಿ
ಬೆಚ್ಚಗೆ ಕೂತಿದೆ.
ಅದಕ್ಕೆ ಹೋಲಿಸಿಯೇ ಈ ಊರಿಗೆ
ಇವತ್ತು ಎಷ್ಟು ಚಳಿ ಎಂದು ಹೇಳುತ್ತಿದ್ದೇನೆ.

ಇವತ್ತಿನದು ಮಾತ್ರ ನಿಜ.
ಕನ್ನಡಕ ಒರೆಸಿಕೊಂಡು
ಎರಡು ಸಲ ನೋಡಿದೆ.