ನಾವೂ

ಇಲಿನಾಯ್‌ನಲ್ಲಿ ಮಿಸಿಸಿಪ್ಪಿ ಮೈತಿರುವುವಲ್ಲಿ
ಊರಿನ ಹೆಸರು ನಾವೂ.
ಬೋರ್ಡು ಕಂಡು ನಾನೊಬ್ಬಳೇ ನಕ್ಕೆ.
ವ್ಯಾನಿನ ಉಳಿದ ಐವರಿಗೆ ಅದು ಹೀಬ್ರೂ.

ಅತ್ತೆ ವೆಲ್ಮಾ ಮೊಣಕಾಲು ಮರೆತು
ಇಟ್ಟಿಗೆ ಮನೆಯ ಮೆಟ್ಟಿಲು ಹತ್ತಿದರು.
ಅವರ ಮುತ್ತಜ್ಜಿಯ ಅಜ್ಜಿ ಬಿಟ್ಟುಹೋದ ಬೀದಿ.
ಗಾರೆ ಹೊಸದು, ಕಿಟಕಿ ಹೊಸದು,
ಹೊಸ್ತಿಲಿನ ಸವೆತವೊಂದೇ ಹಳೆಯದು.

ಬಾನೆಟ್ ತೊಟ್ಟ ಹುಡುಗಿ ಹೇಳಿದಳು:
ನದಿ ದಾಟುವ ಫೆಬ್ರುವರಿ ಬೆಳಿಗ್ಗೆ
ಆಕೆ ನೆಲ ಗುಡಿಸಿ
ಪೊರಕೆಯನ್ನು ಬಾಗಿಲ ಹಿಂದೆ ಒರಗಿಸಿ
ಬಂಡಿ ಹತ್ತಿದಳಂತೆ.

"ವಾಪಸ್ ಬರಲ್ಲ ಅಂತ ಗೊತ್ತಿದ್ದೂನಾ?"
ನನ್ನ ಟೆಸ್ಸಿ ಕೇಳಿದಳು.
ಪಾಠದಲ್ಲಿಲ್ಲದ ಪ್ರಶ್ನೆ. ಹುಡುಗಿ
ಮುಂದಿನ ಕೋಣೆ ತೋರಿಸಿದಳು.

ಕಮ್ಮಾರ ಲಾಳದ ಮೊಳೆ ಬಗ್ಗಿಸಿ ಕೊಟ್ಟ ಉಂಗುರ
ನನ್ನ ಬೆರಳ ಗಂಟಿನಲ್ಲೇ ನಿಂತಿತು.
ಹದಿಮೂರು ವರ್ಷ ಕೈಕುಲುಕಿಯಷ್ಟೇ ಗೊತ್ತಿದ್ದ ಅತ್ತೆ
ತಮ್ಮ ಎಂಜಲು ಹಚ್ಚಿ, ತಿರುವಿ, ತೂರಿಸಿದರು.

ಮರುದಿನ ಮೋಟೆಲ್ ಬಿಡುವ ಹೊತ್ತು.
ಕೆಳಗೆ ಆರಿನ್ ಹಾರ್ನ್ ಒತ್ತುತ್ತಿದ್ದ.
ಟೆಸ್ಸಿ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ
ಚಿಪ್ಸ್ ಚೂರು ಅಂಗೈಗೆ ಬಳಿಯುತ್ತಿದ್ದಳು.
ಸಾಕು ಬಾರೇ ಅನ್ನಲು ಹೋದವಳು
ನಾನೂ ಕೂತೆ.
ಅತ್ತೆ ಕಸದ ಬುಟ್ಟಿ ಹಿಡಿದು ಬಾಗಿಲಲ್ಲಿ.
ಹಾರ್ನ್ ಇನ್ನೊಮ್ಮೆ.