ಏಳನೆಯ ತೂತು

ತಾಂಪೆರೆಯಲ್ಲಿ ನವೆಂಬರಿನ ಹಗಲು
ಜೇಬಿನ ಚಿಲ್ಲರೆ; ಎಣಿಸುವಷ್ಟರಲ್ಲಿ ಮುಗಿಯುತ್ತದೆ.
ಇರುಳೆಲ್ಲ ಬ್ರೆಡ್ ಕಾರ್ಖಾನೆಯಲ್ಲಿ ನಿಂತು ಬಂದವಳು
ಮೂರು ಗಂಟೆ ಮಲಗಿ ಎದ್ದು
ಅಡುಗೆಮನೆಯ ಮೇಜಿನಿಂದ ಕಾಫಿ ಲೋಟ ಸರಿಸಿ
ತೊಗಲು ಹರಡುತ್ತೇನೆ.

ಯಾವುದೋ ಹಸುವಿನ ಅರ್ಧ ಹೆಗಲು.
ಬೂಟಿನ ಅಂಗಡಿ ಬಾಗಿಲು ಮುಚ್ಚುವ ವಾರ
ತೂಕದ ಲೆಕ್ಕಕ್ಕೆ ಕೊಂಡದ್ದು.
ಅದರ ವಾಸನೆಗೆ ಬೆಕ್ಕು ಮೊದಲ ದಿನ ಮಂಚದಡಿ ಸೇರಿತು,
ಎರಡನೆಯ ದಿನ ಬಂದು ಅದರ ಮೇಲೆಯೇ ಮಲಗಿತು.

ಗಂಡನ ಫ್ಲಾಸ್ಕಿಗೊಂದು ಬಾರು. ಅಷ್ಟೇ ನನ್ನ ಆಸೆ.
ಟ್ರಾಮ್ ಓಡಿಸುವ ತೆರ್ಹೊ ಅದನ್ನು ಕಂಕುಳಲ್ಲಿ ಅವುಚಿ ಒಯ್ಯುತ್ತಾನೆ,
ಮಂಜುಗಡ್ಡೆಯ ಮೇಲೆ ಎರಡು ಸಲ ಬೀಳಿಸಿದ್ದಾನೆ.

ಬಟ್ಟೆ ಹೊಲಿದು ಗೊತ್ತು ನನಗೆ. ಬಟ್ಟೆ ಕ್ಷಮಿಸುತ್ತದೆ:
ದಾರ ಬಿಚ್ಚಿ ಇಸ್ತ್ರಿ ಒತ್ತಿದರೆ
ಸೂಜಿ ಹೋದ ದಾರಿ ಮುಚ್ಚಿಕೊಳ್ಳುತ್ತದೆ.
ತೊಗಲಿಗೆ ಆ ಗುಣವಿಲ್ಲ.
ಉಗುರು ತಾಗಿದ್ದನ್ನೂ ಅದು ಇಟ್ಟುಕೊಳ್ಳುತ್ತದೆ.

ಊಟದ ಫೋರ್ಕ್ ಒತ್ತಿ ಗುರುತು ಹಾಕಿದೆ:
ನಾಲ್ಕು ಹಲ್ಲು, ನಾಲ್ಕು ಚುಕ್ಕೆ, ಮತ್ತೆ ನಾಲ್ಕು.
ಚುಚ್ಚುಳಿ ನಿಲ್ಲಿಸಿ ಕೊಡತಿ ಎತ್ತಿದೆ.
ಠಪ್. ಮೇಜು ಕುಣಿಯಿತು, ಚಮಚಗಳೂ ಕುಣಿದವು.
ಏಳನೆಯ ಏಟಿಗೆ ಕೈ ಜಾರಿತು.
ಹನ್ನೊಂದನೆಯದಕ್ಕೆ, ಕೆಳಗಿನ ಮನೆಯಿಂದ
ಪೊರಕೆಯ ಹಿಡಿ ಚಾವಣಿಗೆ ಬಡಿಯಿತು,
ದಬ್ ದಬ್.
ನಿಲ್ಲಿಸಿದೆ. ಉಸಿರನ್ನೂ.

ಮರುದಿನ ಬಾಗಿಲಲ್ಲಿ ಒಸ್ಮೊ, ಎಂಬತ್ತು ದಾಟಿದವನು.
ಹದಿನಾರು ವರ್ಷ ಒಂದೇ ಮೆಟ್ಟಿಲು ಹತ್ತಿ ಇಳಿದು
ನಾವು ಆಡಿದ ಮಾತೆಲ್ಲ ಹಿಮದ ಬಗ್ಗೆ, ಕೆಟ್ಟ ಲಿಫ್ಟಿನ ಬಗ್ಗೆ.
ಕ್ಷಮೆಯನ್ನು ಬಾಯಲ್ಲಿ ಸಿದ್ಧ ಇಟ್ಟುಕೊಂಡು ನಿಂತೆ.
ಅವನ ತೋಳಲ್ಲಿ, ಎಳೆಗೂಸಿನ ಹಾಗೆ, ಒಂದು ಕಲ್ಲು:
ಯಾರದೋ ಅಡುಗೆಕಟ್ಟೆಗೆ ಕೊಯ್ದು ಉಳಿದ ಕರಿಕಲ್ಲು.
"ಮೇಜಿನ ನಡುವೆ ಹೊಡೀಬೇಡ, ಕಾಲಿನ ನೇರಕ್ಕೆ ಹೊಡಿ.
ಇದನ್ನ ಅಡಿಗಿಡು.
ಆಮೇಲೆ, ನಿನ್ನ ಏಳನೆ ತೂತು ಸೊಟ್ಟ."

ನೋಡದೆ ಹೇಗೆ?
ಮೂವತ್ತೊಂದು ವರ್ಷ ಬೂಟಿಗೆ ಅಟ್ಟೆ ಕೂಡಿಸಿದ ಕಿವಿ ಅಂದ.
ನೆಟ್ಟಗೆ ಬಿದ್ದ ಏಟು ಮೊಟಕು; ವಾಲಿದ್ದು ಕೊಂಚ ಎಳೆಯುತ್ತದಂತೆ.
ಪೊರಕೆ ಬಡಿದದ್ದು ಅದನ್ನು ಹೇಳಲಿಕ್ಕೇ.

ಬೂಟು ಹೊರಗೆ ಬಿಚ್ಚಿ ಬಂದು ಕೂತ.
ಕಾಲುಚೀಲ ತೂತು, ಹೆಬ್ಬೆರಳು ಆಚೆ.
ಒಂದು ದಾರ, ಅದರ ಎರಡು ತುದಿಗೆ ಎರಡು ಸೂಜಿ.
ಜೇನುಮೇಣದ ಉಂಡೆಯಲ್ಲಿ ಮೂರು ಸಲ ಎಳೆದ ಅಗಸೆನಾರು.
ಎಡಗೈಯದು ಬರುತ್ತದೆ, ಬಲಗೈಯದು ಹೋಗುತ್ತದೆ,
ಒಂದೇ ತೂತಿನೊಳಗೆ, ಒಂದನ್ನೊಂದು ಚುಚ್ಚದೆ.
ಆರು ಹೊಲಿಗೆ ಆದ ಮೇಲೆ
ಅವನೇ ಬ್ಲೇಡಿನಿಂದ ಮೇಲಿನ ಎಳೆ ಕತ್ತರಿಸಿ
"ಈಗ ಎಳಿ" ಅಂದ.
ಎಳೆದೆ. ಬರಲಿಲ್ಲ.

ನಾನು ಮನೆ ಸೇರುವ ಹೊತ್ತಿಗೆ ತೆರ್ಹೊ ಹೊರಡುತ್ತಾನೆ.
ನಾಲ್ಕೂವರೆಗೆ, ಇಕ್ಕಟ್ಟಿನ ಬಾಗಿಲಲ್ಲಿ,
ನನ್ನ ಕೋಟಿಗೆ ಹಿಟ್ಟು, ಅವನ ಕತ್ತಿಗೆ ಸೋಪಿನ ವಾಸನೆ.
ಭುಜ ತಾಗದ ಹಾಗೆ ಸರಿದುಕೊಳ್ಳುವುದು
ಒಂಬತ್ತು ವರ್ಷದ ರೂಢಿ.
ಹೊಲಿಯುತ್ತ ಅದು ನೆನಪಿಗೆ ಬಂತು.
ಒಸ್ಮೊಗೆ ಹೇಳಲಿಲ್ಲ. ಕಾಫಿ ಬಗ್ಗಿಸಿದೆ.

ಬಾರು ಮುಗಿದಾಗ ಹೆಬ್ಬೆರಳಗಲ ಗಿಡ್ಡ.
ಫ್ಲಾಸ್ಕನ್ನು ಅಳೆದಿದ್ದೆ, ತೊಗಲಿನ ದಪ್ಪ ಮರೆತಿದ್ದೆ.
ತೆರ್ಹೊ ಅದನ್ನು ಮಣಿಕಟ್ಟಿಗೆ ಸುತ್ತಿ ನೋಡಿ, ಬಿಚ್ಚಿ,
ಬೀಗದ ಕೈಗೊಂಚಲಿಗೆ ಸಿಕ್ಕಿಸಿಕೊಂಡು ಹೋದ.
ಕೆಂಪು ದೀಪಕ್ಕೆ ಕಾಯುವಾಗ ಬೆರಳು ತಾನಾಗಿ
ಆ ಸೊಟ್ಟ ತೂತಿನ ಹತ್ತಿರ ಹೋಗುತ್ತದಂತೆ.
ಫ್ಲಾಸ್ಕ್ ಇನ್ನೂ ಕಂಕುಳಲ್ಲೇ.

ಇವತ್ತು ಎರಡನೆಯ ಬಾರು.
ಕಲ್ಲು ಮೇಜಿನ ಕಾಲಿನ ನೇರಕ್ಕಿದೆ, ಬೆಕ್ಕು ಕಿಟಕಿಯಲ್ಲಿ.
ಹೊರಗೆ ಮೂರು ಗಂಟೆಗೇ ದೀಪ ಹತ್ತಿವೆ.
ಒಂದೊಂದು ಏಟಿಗೂ ತುಸು ಕಾಯುತ್ತೇನೆ;
ಕೆಳಗಿನಿಂದ ಸದ್ದಿಲ್ಲದಿದ್ದರೆ ನೆಟ್ಟಗಿದೆ ಎಂದರ್ಥ.
ನಾಲ್ಕು. ಐದು. ಆರು.
ಕೊಡತಿ ಎತ್ತಿದ್ದೇನೆ.
ಕೆಳಗೆ ಅವನೂ, ಗೊತ್ತು ನನಗೆ,
ಪೊರಕೆ ಹಿಡಿದು ನಿಂತಿದ್ದಾನೆ.